ಒಂದು ಗಂಟಲು, ಎರಡು ದನಿ: ರಾಮದಾಸ ಪಾಧ್ಯೆ ಮತ್ತು ನಗಿಸುವ ಗೊಂಬೆಗಳು

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಹೊರನಾಡಿನ ಕನ್ನಡ ವೇದಿಕೆಗಳಲ್ಲಿ ಮಾತನಾಡುವವರಿಗೆ ಒಂದು ರಾಜಮಾರ್ಗವಿದೆ. ಪಂಪನಿಂದ ಹೊರಟು ಬೇಂದ್ರೆಯವರನ್ನು ತಲುಪುವುದು. ಪುಣೆಯಲ್ಲಾದರೆ ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದನ್ನು ನೆನೆದು, ಗದುಗಿನ ಭೀಮಸೇನ ಜೋಶಿಯವರು ಈ ನಗರದವರೇ ಆಗಿಹೋದದ್ದನ್ನು ಅಭಿಮಾನದಿಂದ ಹೇಳಿ, ಚಪ್ಪಾಳೆಯೊಡನೆ ಮುಗಿಸುವುದು. ಆ ಮಾರ್ಗ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಇಂದು ನಾನು ಆಯ್ದುಕೊಂಡಿರುವವರು ಕವಿಯಲ್ಲ, ಗಾಯಕರಲ್ಲ, ಕನ್ನಡಿಗರೂ ಅಲ್ಲ. ಅವರು ಮುಂಬಯಿಯ ಮರಾಠಿ ಕಲಾವಿದರು. ಗೊಂಬೆಯೊಂದನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಅದರೊಡನೆ ಜಗಳವಾಡಿ, ಅದರಿಂದ ಬೈಸಿಕೊಂಡು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜನರನ್ನು ನಗಿಸಿದವರು. ಅವರ ಹೆಸರು ರಾಮದಾಸ ಪಾಧ್ಯೆ.

ಕನ್ನಡ ಸಭೆಯಲ್ಲಿ ಮರಾಠಿ ವಿನೋದಗಾರರ ಮಾತೇಕೆ ಎಂದು ನೀವು ಕೇಳಬಹುದು. ನನ್ನ ಉತ್ತರ ಇಷ್ಟೆ: ಪಾಧ್ಯೆಯವರದು ಒಂದೇ ಗಂಟಲಿನಲ್ಲಿ ಎರಡು ದನಿಗಳನ್ನು ಬಾಳಿಸುವ ವೃತ್ತಿ. ನಮ್ಮದೂ ಅದೇ ಅಲ್ಲವೆ? ಲಕ್ಷ್ಮೀ ರಸ್ತೆಯ ಅಂಗಡಿಯಲ್ಲಿ, ಕಚೇರಿಯಲ್ಲಿ, ಮಕ್ಕಳ ಶಾಲೆಯ ಬಾಗಿಲಲ್ಲಿ ಒಂದು ದನಿ; ಮನೆಯ ಹೊಸ್ತಿಲು ದಾಟಿದೊಡನೆ ಇನ್ನೊಂದು ದನಿ. ಅವರು ಆ ಎರಡು ದನಿಗಳನ್ನು ದಿನದಿನದ ಸಾಧನೆಯಿಂದ ಉಳಿಸಿಕೊಂಡರು. ನಾವು ನಮ್ಮ ಎರಡನೆಯ ದನಿಯನ್ನು ಏನು ಮಾಡುತ್ತಿದ್ದೇವೆ ಎಂಬುದೇ ನನ್ನ ಇಂದಿನ ಮಾತಿನ ಹಿಂದಿರುವ ಪ್ರಶ್ನೆ.

ಮೊದಲು ಈ ಕಲೆಯ ಸ್ವರೂಪವನ್ನು ಸ್ವಲ್ಪ ನೋಡೋಣ. ಇಂಗ್ಲಿಷಿನಲ್ಲಿ ಇದನ್ನು ವೆಂಟ್ರಿಲಾಕ್ವಿಸಂ ಎನ್ನುತ್ತಾರೆ. ಲ್ಯಾಟಿನ್ ಮೂಲದ ಆ ಪದಕ್ಕೆ ಹೊಟ್ಟೆಯಿಂದ ಮಾತನಾಡುವುದು ಎಂದು ಅರ್ಥ. ಮರಾಠಿಯಲ್ಲಿ ಬಳಕೆಯಲ್ಲಿರುವ ಪದ 'ಶಬ್ದಭ್ರಮ'. ಮರಾಠಿಯ ಪದವೇ ಹೆಚ್ಚು ಸರಿಯಾದುದು. ಏಕೆಂದರೆ ಮಾತು ಹೊಟ್ಟೆಯಿಂದ ಬರುವುದಿಲ್ಲ; ದನಿಯನ್ನು ಚೆಂಡಿನಂತೆ ದೂರಕ್ಕೆ ಎಸೆಯಲೂ ಆಗುವುದಿಲ್ಲ. ಕಲಾವಿದನ ಗಂಟಲಿನಿಂದಲೇ ಬಂದ ಮಾತು, ಗೊಂಬೆಯ ದವಡೆ ಅಲುಗುವುದನ್ನು ಕಂಡ ನಮ್ಮ ಕಣ್ಣಿನ ಸಲಹೆಯಂತೆ, ಗೊಂಬೆಯ ಬಾಯಿಂದ ಬಂದಂತೆ ಕೇಳಿಸುತ್ತದೆ. ಕಿವಿ ಕಣ್ಣನ್ನು ನಂಬುತ್ತದೆ. ಭ್ರಮೆ ಹುಟ್ಟುವುದು ನಮ್ಮಲ್ಲಿ.

ಇದರಲ್ಲಿ ಅತಿ ಕಠಿಣವಾದದ್ದು ತುಟಿಯ ಅಕ್ಷರಗಳು. ಪ, ಬ, ಮ ಈ ಧ್ವನಿಗಳನ್ನು ತುಟಿ ಮುಚ್ಚದೆ ಉಚ್ಚರಿಸಲಾಗದು. ಕಲಾವಿದನ ತುಟಿಯಾದರೋ ಅಲುಗಬಾರದು. ಆದ್ದರಿಂದ ಅವನು ನಾಲಗೆಯಿಂದ ಅವುಗಳಿಗೆ ಹತ್ತಿರದ ಧ್ವನಿಗಳನ್ನು ಸೃಷ್ಟಿಸುತ್ತಾನೆ. ಮಕಾರದ ಸ್ಥಾನದಲ್ಲಿ ನಕಾರದಂಥದು, ಬಕಾರದ ಸ್ಥಾನದಲ್ಲಿ ದಕಾರದಂಥದು. ಮರಾಠಿಯ ತಾಯಿ 'ಆಈ' ತುಟಿಗೆ ತುಟಿ ತಾಗದೆ ಸಲೀಸಾಗಿ ಹೊರಬರುತ್ತಾಳೆ. ಕನ್ನಡದ 'ಅಮ್ಮ' ಹಾಗೆ ಬರಲಾರಳು, 'ಅಪ್ಪ'ನೂ ಬರಲಾರ. ಮನೆ, ಮಗು, ಬಾ, ಬೇಡ, ಪಾಪ ಎಲ್ಲವೂ ತುಟಿಯನ್ನು ಬೇಡುವ ಮಾತುಗಳೇ. ನಮ್ಮ ಭಾಷೆಯ ಅತ್ಯಂತ ಹತ್ತಿರದ ಪದಗಳೇ ಗೊಂಬೆಗೆ ಅತ್ಯಂತ ದುಸ್ತರವಾದವು.

ಹಾಗಾದರೆ ಕನ್ನಡದ ಗೊಂಬೆ ಮಾತನಾಡುವುದು ಹೇಗೆ? ಕೇಳುವವರ ದಯೆಯಿಂದ. ಕಲಾವಿದ 'ಅನ್ನ' ಎಂಬಂತೆ ಉಸುರಿದರೂ, ಸಂದರ್ಭ ಬಲ್ಲ ಕನ್ನಡದ ಕಿವಿ ಅದನ್ನು 'ಅಮ್ಮ' ಎಂದು ತಿದ್ದಿಕೊಳ್ಳುತ್ತದೆ. ಕಾಣೆಯಾದ ಅಕ್ಷರವನ್ನು ಪ್ರೇಕ್ಷಕನೇ ತುಂಬಿಕೊಡುತ್ತಾನೆ. ಭಾಷೆ ಬಾರದವನ ಮುಂದೆ ಅಪೂರ್ಣ ಧ್ವನಿಗಳು ಅಪೂರ್ಣವಾಗಿಯೇ ಉಳಿಯುತ್ತವೆ. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಕೊನೆಯಲ್ಲಿ ನಾನು ಇಲ್ಲಿಗೇ ಮರಳುತ್ತೇನೆ.

ಇನ್ನು ಪಾಧ್ಯೆಯವರ ಜೀವನ. ಈ ಕಲೆ ಅವರಿಗೆ ಮನೆಯಲ್ಲಿಯೇ ದೊರೆತದ್ದು. ಅವರ ತಂದೆ ವೈ. ಕೆ. ಪಾಧ್ಯೆಯವರು ನಮ್ಮ ದೇಶದಲ್ಲಿ ಮಾತನಾಡುವ ಗೊಂಬೆಯ ಕಲೆಗೆ ತಳಹದಿ ಹಾಕಿದ ಆದ್ಯರು. ಅವರ ಗೊಂಬೆಯ ಹೆಸರು ಅರ್ಧವಟರಾವ್. ಮರಾಠಿ ಬಲ್ಲ ನಿಮಗೆ ಆ ಹೆಸರಿನ ಸೊಗಸನ್ನು ವಿವರಿಸಬೇಕಾಗಿಲ್ಲ. ಅರ್ಧವಟ ಎಂದರೆ ಅರೆಬರೆ, ಅರೆಬುದ್ಧಿಯವನು. ಅದಕ್ಕೆ 'ರಾವ್' ಎಂಬ ಗೌರವದ ಬಾಲ ಅಂಟಿದೆ. ಅರೆಬುದ್ಧಿಯನ್ನೂ ದೊಡ್ಡಸ್ತಿಕೆಯನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದ ಕ್ಷಣದಲ್ಲಿಯೇ ಅರ್ಧ ಹಾಸ್ಯ ಸಿದ್ಧವಾಗಿಬಿಟ್ಟಿತು. ಸಮಾಜದಲ್ಲಿ ನಾವು ದಿನವೂ ನಮಸ್ಕರಿಸುವ ಎಷ್ಟು ಮಂದಿ ಅರ್ಧವಟರಾಯರಿದ್ದಾರೆ ಎಂಬುದನ್ನು ಪ್ರೇಕ್ಷಕರು ತಾವೇ ಎಣಿಸಿಕೊಳ್ಳಬಹುದಾಗಿತ್ತು. ಈ ರಾಯರಿಗೆ ಆವಡಾಬಾಯಿ ಎಂಬ ಹೆಂಡತಿಗೊಂಬೆಯೂ ಬಂದಳು. ಗಂಡ ಹೆಂಡಿರ ಜಗಳ ಸೇರಿದ ಮೇಲೆ ವಿನೋದಕ್ಕೆ ಕೊರತೆಯುಂಟೆ?

ರಾಮದಾಸರು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು. ಆ ಕಾಲದ ಮಧ್ಯಮವರ್ಗದ ಮನೆಗಳಲ್ಲಿ ಅದು ಬದುಕಿನ ಭದ್ರತೆಗೆ ಮುದ್ರೆಯೊತ್ತಿದ ಪದವಿ. 1967ರಲ್ಲಿ ಅವರು ತಂದೆಯ ಗೊಂಬೆಯೊಡನೆ ರಂಗವೇರಿದರು. ಓದಿದ ವಿದ್ಯೆ ವ್ಯರ್ಥವಾಗಲಿಲ್ಲ. ಗೊಂಬೆಯ ತಲೆಯೊಳಗಿನ ಸನ್ನೆಕೋಲು, ದಾರ, ಸ್ಪ್ರಿಂಗು, ಕಣ್ಣು ಹೊರಳುವ ಬಗೆ, ಹುಬ್ಬು ಏರುವ ಬಗೆ ಇವೆಲ್ಲ ಯಂತ್ರಶಾಸ್ತ್ರವೇ ತಾನೆ? ಅವರು ಬರೀ ಆಡಿಸುವವರಾಗಿ ಉಳಿಯಲಿಲ್ಲ, ಗೊಂಬೆಗಳನ್ನು ತಯಾರಿಸುವವರೂ ಆದರು. ನೋಡುವವರಿಗೆ ಗೊಂಬೆಯ ಮಾತು ಕೇಳಿಸುತ್ತದೆ. ಅದರ ಬೆನ್ನಿನೊಳಗೆ ಕೈಯಿಟ್ಟವನಿಗೆ ಮಾತ್ರ ಅದರ ದವಡೆಯ ತೂಕ ಗೊತ್ತು. ಒಂದೇ ವೇಳೆಗೆ ಬಲಗೈ ಒಂದು ಮುಖವನ್ನು ನಡೆಸಬೇಕು, ಸ್ವಂತ ಮುಖ ಇನ್ನೊಂದು ಭಾವವನ್ನು ತೋರಬೇಕು, ಗಂಟಲು ಎರಡೂ ಪಾತ್ರಗಳ ಸರದಿಯನ್ನು ಕಾಯಬೇಕು. ಗೊಂಬೆ ಬೈದಾಗ ಒಡೆಯನಿಗೆ ನಿಜವಾಗಿಯೂ ಅವಮಾನವಾದಂತೆ ಕಾಣಬೇಕು.

1967 ಎಂದೊಡನೆ ನಿಮ್ಮಲ್ಲಿ ಹಿರಿಯರಿಗೆ ಇನ್ನೊಂದು ನೆನಪು ಬಂದಿರಬೇಕು. ಮಹಾಜನ ಆಯೋಗ ತನ್ನ ವರದಿ ಕೊಟ್ಟದ್ದು ಅದೇ ವರ್ಷ. ಬೆಳಗಾವಿ ಯಾರದು, ಸೊಲ್ಲಾಪುರ ಯಾರದು, ಜತ್ತ ಅಕ್ಕಲಕೋಟೆಗಳು ಯಾರವು ಎಂದು ಎರಡು ರಾಜ್ಯಗಳು ಹಗ್ಗ ಜಗ್ಗುತ್ತಿದ್ದ ಕಾಲ. ಆ ವಾದದ ನ್ಯಾಯಾನ್ಯಾಯಗಳನ್ನು ನಾನಿಲ್ಲಿ ಚರ್ಚಿಸುವುದಿಲ್ಲ. ಗಡಿಯ ನಕ್ಷೆಯಲ್ಲಿ ಕಾಣದ ಒಂದು ವ್ಯವಹಾರ ಈ ಎರಡು ನಾಡುಗಳ ನಡುವೆ ಬಹುಕಾಲದಿಂದ ನಡೆದಿದೆ ಎಂಬುದನ್ನು ಮುಂದೆ ತೋರಿಸುತ್ತೇನೆ.

ಮುಂಬಯಿ ದೂರದರ್ಶನ 1972ರಲ್ಲಿ ಆರಂಭವಾಯಿತು. ಮಾತನಾಡುವ ಗೊಂಬೆಗೆ ಕಿರುತೆರೆಯಷ್ಟು ಒಪ್ಪುವ ಮಾಧ್ಯಮ ಇನ್ನೊಂದಿಲ್ಲ. ದೊಡ್ಡ ಸಭಾಂಗಣದ ಹಿಂದಿನ ಸಾಲಿನವರಿಗೆ ಗೊಂಬೆಯ ಕಣ್ಣು ಕಾಣುವುದಿಲ್ಲ. ಕ್ಯಾಮರಾ ಅದನ್ನು ಮನೆಯ ನಡುಮನೆಗೆ ತಂದಿಟ್ಟಿತು. ಆದರೆ ಕ್ಯಾಮರಾ ಕಲಾವಿದನ ತುಟಿಯನ್ನೂ ಅಷ್ಟೇ ಹತ್ತಿರ ತರುತ್ತದೆ. ಅಲ್ಲಿ ಕಳ್ಳತನ ನಡೆಯದು. ಅಮೆರಿಕೆಯ ಎಡ್ಗರ್ ಬರ್ಗನ್ ಎಂಬಾತ 1937ರಿಂದ ತನ್ನ ಚಾರ್ಲಿ ಮೆಕಾರ್ಥಿ ಎಂಬ ಗೊಂಬೆಯನ್ನು ರೇಡಿಯೋದಲ್ಲಿ ಮಾತನಾಡಿಸಿ ಅಪಾರ ಜನಪ್ರಿಯನಾದ. ತುಟಿಯೇ ಕಾಣದ ಕಡೆ ತುಟಿ ಅಲುಗದ ವಿದ್ಯೆಗೆ ಬೆಲೆಯೇನು ಎಂದು ನಗಬಹುದು. ಆದರೆ ಜನ ಒಲಿದದ್ದು ಕೈಚಳಕಕ್ಕಲ್ಲ, ಚಾರ್ಲಿಯ ಸ್ವಭಾವಕ್ಕೆ. ಅರ್ಧವಟರಾಯರಿಗೂ ಈ ಮಾತು ಅನ್ವಯಿಸುತ್ತದೆ.

ಎಂಬತ್ತರ ದಶಕದಲ್ಲಿ ದೂರದರ್ಶನ ನೋಡಿದವರೆಲ್ಲರಿಗೂ ಲಿಜ್ಜತ್ ಪಾಪಡಿನ ಮೊಲ ಗೊತ್ತು. ಹಪ್ಪಳ ಕುರುಕಿ ನಗುವ ಆ ಮೊಲ ಪಾಧ್ಯೆಯವರ ಸೃಷ್ಟಿ. 1959ರಲ್ಲಿ ಮುಂಬಯಿಯ ಗಿರಗಾಂವಿನ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಉದ್ಯೋಗವನ್ನು ದೇಶದ ಮನೆಮನೆಯ ಮಕ್ಕಳ ಬಾಯಿಗೆ ತಲುಪಿಸಿದವರಲ್ಲಿ ಈ ಮೊಲವೂ ಒಂದು. 1993ರಲ್ಲಿ ಮಹೇಶ ಕೊಠಾರೆಯವರ 'ಝಪಾಟಲೇಲಾ' ಚಿತ್ರ ಬಂತು. ಅದರಲ್ಲಿ ಕೊಲೆಗಡುಕನ ಆತ್ಮ ಹೊಕ್ಕ ಗೊಂಬೆ ತಾತ್ಯಾ ವಿಂಚೂ. ಆ ಗೊಂಬೆಯನ್ನು ನಿರ್ಮಿಸಿ ಆಡಿಸಿದವರು ಪಾಧ್ಯೆ. ದನಿ ನೀಡಿದವರು ನಟ ದಿಲೀಪ ಪ್ರಭಾವಳಕರ. ಲಕ್ಷ್ಮೀಕಾಂತ ಬೇರ್ಡೆ ನಗಿಸುತ್ತಿದ್ದರೆ ತಾತ್ಯಾ ವಿಂಚೂ ಹೆದರಿಸುತ್ತಿದ್ದ. ಆ ತಲೆಮಾರಿನ ಪುಣೆಯ ಮಕ್ಕಳು, ಅವರಲ್ಲಿ ನಮ್ಮ ಕನ್ನಡದ ಮಕ್ಕಳೂ ಸೇರಿ, ರಾತ್ರಿ ದೀಪ ಆರಿಸಲು ಬಿಡದಿದ್ದುದನ್ನು ತಾಯಂದಿರು ಇಂದಿಗೂ ಹೇಳುತ್ತಾರೆ. 2013ರಲ್ಲಿ ಅದರ ಎರಡನೆಯ ಭಾಗ ಬಂದಾಗ, ಹಿಂದೆ ಹೆದರಿದ್ದವರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು.

ಇಲ್ಲಿ ಈ ವೃತ್ತಿಯ ಒಂದು ವಿಚಿತ್ರ ದುರವಸ್ಥೆಯನ್ನು ಗಮನಿಸಬೇಕು. ಮೊಲ ಎಲ್ಲರಿಗೂ ಗೊತ್ತು, ತಾತ್ಯಾ ವಿಂಚೂ ಎಲ್ಲರಿಗೂ ಗೊತ್ತು. ಅವುಗಳ ಹಿಂದಿನ ಕೈ ಯಾರದೆಂದು ಕೇಳಿ ನೋಡಿ. ಹತ್ತರಲ್ಲಿ ಎಂಟು ಮಂದಿ ತಡವರಿಸುತ್ತಾರೆ. ಗಾಯಕ ಹಾಡಿದರೆ ಕೀರ್ತಿ ಗಾಯಕನಿಗೆ. ಗೊಂಬೆಯಾಟದವನು ಎಷ್ಟು ನಿಪುಣನೋ ಅಷ್ಟು ಮಟ್ಟಿಗೆ ಮರೆಯಾಗುತ್ತಾನೆ. ರಂಗದ ವ್ಯವಹಾರದಲ್ಲಿ ಮರಾಠಿಯವರು ಒಪ್ಪಿಕೊಂಡ ಕಾರ್ಯಕ್ರಮಕ್ಕೆ 'ಸುಪಾರಿ' ಎನ್ನುತ್ತಾರೆ. ನಮ್ಮ ಬಯಲಾಟದವರು 'ವೀಳ್ಯ' ಎನ್ನುತ್ತಾರೆ. ಅಡಿಕೆ ಅವರದು, ಎಲೆ ನಮ್ಮದು; ಮರ್ಯಾದೆಯ ಅರ್ಥ ಒಂದೇ. ಆದರೆ ಗೊಂಬೆಯವರಿಗೆ ವೀಳ್ಯ ಕೊಡುವಾಗ ನಮ್ಮ ಕೈ ಗಿಡ್ಡವಾಗುತ್ತದೆ. "ಅದು ಮಕ್ಕಳಿಗಾಗಿ" ಎಂಬ ಒಂದು ಮಾತಿನಲ್ಲಿ ಒಂದು ಜನ್ಮದ ಸಾಧನೆ ಅಗ್ಗವಾಗಿಬಿಡುತ್ತದೆ. ಈ ಪರಿಸ್ಥಿತಿಯಲ್ಲಿಯೂ ಪಾಧ್ಯೆಯವರ ಪತ್ನಿ ಅಪರ್ಣಾ ಅವರು ಗೊಂಬೆಯಾಟವನ್ನೇ ಕೈಗೊಂಡರು. ಪುತ್ರ ಸತ್ಯಜಿತ್ ಲೆಕ್ಕಪರಿಶೋಧಕರ ಪದವಿ ಪಡೆದೂ ತಂದೆಯ ದಾರಿ ಹಿಡಿದರು. ಅರ್ಧವಟರಾಯರು ಒಂದೇ ಮನೆಯ ಮೂರು ತಲೆಮಾರುಗಳನ್ನು ಕಂಡರು.

ಈಗ ಗಡಿಯ ವ್ಯವಹಾರಕ್ಕೆ ಬರುತ್ತೇನೆ. ಮರಾಠಿ ರಂಗಭೂಮಿಯ ಜನಕರೆಂದು ವಿಷ್ಣುದಾಸ ಭಾವೆಯವರನ್ನು ಕರೆಯುತ್ತಾರೆ. 1843ರಲ್ಲಿ ಸಾಂಗ್ಲಿಯಲ್ಲಿ ಅವರ 'ಸೀತಾ ಸ್ವಯಂವರ' ಪ್ರಯೋಗವಾಯಿತು. ಅದಕ್ಕೆ ಪ್ರೇರಣೆ ಎಲ್ಲಿಯದು? ಅದರ ಹಿಂದಿನ ವರ್ಷ ನಮ್ಮ ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳ ಸಾಂಗ್ಲಿಯ ಅರಸರ ಮುಂದೆ ಆಡಿದ ಯಕ್ಷಗಾನ. ಅಂಥದನ್ನು ಮರಾಠಿಯಲ್ಲಿಯೂ ಮಾಡಿರೆಂದು ಅರಸರು ಭಾವೆಯವರಿಗೆ ಹೇಳಿದರು. ಇದು ನಾವು ಪದೇ ಪದೇ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ಅದರ ಮುಂದಿನ ಸಂಗತಿ ಅಷ್ಟು ಪ್ರಸಿದ್ಧವಲ್ಲ. ಭಾವೆಯವರು ಗೊಂಬೆಗಳನ್ನೂ ಮಾಡಿದ್ದರು. ಕಾಲವಶದಿಂದ ಜೀರ್ಣವಾಗಿದ್ದ ಆ ಗೊಂಬೆಗಳನ್ನು ದುರಸ್ತಿಗೊಳಿಸಿ ಮತ್ತೆ ರಂಗಕ್ಕೆ ತಂದವರು ಇದೇ ರಾಮದಾಸ ಪಾಧ್ಯೆ. ಜಾಹೀರಾತಿನ ಮೊಲವನ್ನು ಕುಣಿಸಿದ ಕೈ ಅದು; ಹಣ ತಾರದ ಆ ಕೆಲಸಕ್ಕೂ ಒಡ್ಡಿಕೊಂಡಿತು. ಕರ್ಕಿಯ ಚಂಡೆಯ ದನಿ ಎಷ್ಟು ಕೈಗಳನ್ನು ದಾಟಿ ಎಲ್ಲಿಗೆ ತಲುಪಿತು ನೋಡಿ.

ಕರ್ನಾಟಕದಿಂದ ಹೋದದ್ದು ಇದು. ಮಹಾರಾಷ್ಟ್ರದಿಂದ ನಮಗೆ ಬಂದದ್ದೂ ಉಂಟು. ನಮ್ಮ ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ ಎಂಬ ಹಾಸ್ಯದ ಗೊಂಬೆಯಿದೆ. ಕಪ್ಪು ಮೈ, ಡೊಳ್ಳು ಹೊಟ್ಟೆ, ಕೆದರಿದ ಕೂದಲು, ಹತೋಟಿಯಿಲ್ಲದ ನಾಲಗೆ. ಅವನ ಜೊತೆಗಾರ್ತಿ ಬಂಗಾರಕ್ಕ. ಗಣಪತಿ ಸರಸ್ವತಿಯರು ಪರದೆಯಿಂದ ಸರಿದೊಡನೆ ಇವರ ಪ್ರವೇಶ. ರಾಮ ರಾವಣರು ಗ್ರಾಂಥಿಕವಾಗಿ ಮಾತನಾಡುತ್ತಿರುವಾಗ ಇವರು ನಡುವೆ ನುಗ್ಗಿ ಊರ ಗೌಡನನ್ನೂ ಶಾನುಭೋಗನನ್ನೂ ಹೆಸರಿಡಿದು ಕಾಡುತ್ತಾರೆ. ಆಡಿಸುವ ಸಮುದಾಯಕ್ಕೇ ಈ ಗೊಂಬೆಯ ಹೆಸರು ಅಂಟಿಕೊಂಡು ಅವರು ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎನಿಸಿದರು. ಮುಂಬಯಿಯಲ್ಲಿ ಗೊಂಬೆ ಒಡೆಯನನ್ನು ಮರೆಮಾಡಿತು. ಇಲ್ಲಿ ಗೊಂಬೆಯೇ ಒಡೆಯನಿಗೆ ಹೆಸರಿಟ್ಟಿತು.

ಈ ಸಮುದಾಯದ ಮನೆಮಾತು ಮರಾಠಿಯ ಒಂದು ಬಗೆ. ಹಿಂದೆ ಮಹಾರಾಷ್ಟ್ರದ ಕಡೆಯಿಂದ ಬಂದವರು ತಾವೆಂದು ಅವರು ಹೇಳಿಕೊಳ್ಳುತ್ತಾರೆ. ಅಂದರೆ ಅವರೂ ನಮ್ಮಂತೆ ವಲಸೆಗಾರರು. ದಿಕ್ಕು ಮಾತ್ರ ತಿರುವುಮುರುವು. ಗುಡಿಸಿಲಿನಲ್ಲಿ ಮರಾಠಿ, ಪರದೆಯ ಹಿಂದೆ ಕನ್ನಡ. ಅದೂ ಎಂಥ ಕನ್ನಡ! ಪುಸ್ತಕದಿಂದ ಕಲಿತ ಕನ್ನಡದಲ್ಲಿ ಊರ ಗೌಡನನ್ನು ಅಣಕಿಸಲಾಗದು. ಆ ಊರಿನ ಬೈಗುಳ, ಗಾದೆ, ಉಚ್ಚಾರದ ಒನಪು ಎಲ್ಲವೂ ಬಂದಿರಬೇಕು. ಬಂದು ನೆಲಸಿದ ನಾಡಿನ ಭಾಷೆಯಲ್ಲಿ ನಗಿಸಬಲ್ಲವರಾದರು, ಮನೆಯ ಭಾಷೆಯನ್ನೂ ಬಿಡಲಿಲ್ಲ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರಿಗೆ ತೊಂಬತ್ತು ವರ್ಷ ಮೀರಿತ್ತು. 2021ರಲ್ಲಿ ಸಿಂಧುದುರ್ಗದ ಪಿಂಗುಳಿಯ ಗೊಂಬೆಯಾಟಗಾರ ಪರಶುರಾಮ ಗಂಗಾವಣೆಯವರಿಗೂ ಅದೇ ಗೌರವ ಸಂದಿತ್ತು. ಪ್ರಶಸ್ತಿ ಬಂದದ್ದು ಸಂತೋಷ. ಬರಲು ಎಷ್ಟು ಕಾಲ ಬೇಕಾಯಿತು ಎಂಬುದು ಚಿಂತಿಸಬೇಕಾದ ವಿಷಯ.

ಕನ್ನಡದಲ್ಲಿ ಮಾತನಾಡುವ ಗೊಂಬೆಯೇ ಇಲ್ಲವೆಂದು ತಿಳಿಯಬೇಡಿ. ಬೆಂಗಳೂರಿನ ಇಂದುಶ್ರೀ ಅವರ ಡಿಂಕು ನಾಡಿನ ಮಕ್ಕಳಿಗೆ ಪರಿಚಿತ. ತುಟಿಯ ಅಕ್ಷರಗಳಿಂದ ತುಂಬಿದ ನಮ್ಮ ಭಾಷೆಯನ್ನು ತುಟಿ ಅಲುಗಿಸದೆ ನುಡಿಸಿ ತೋರಿಸಿದ ಸಾಧಕಿ ಅವರು.

ಬಂಧುಗಳೆ, ಇಷ್ಟು ಹೇಳಿದ ಮೇಲೆ ನಮ್ಮ ಪ್ರಶ್ನೆಗೆ ಬರಬೇಕು. ನಾನು ಈ ನಗರಕ್ಕೆ ಬಂದು ಮೂವತ್ತೆಂಟು ವರ್ಷಗಳಾದವು. ನನ್ನ ಮೊಮ್ಮಗಳಿಗೆ ಕನ್ನಡ ಬರುತ್ತದೆ. "ಅಜ್ಜಾ, ಊಟಕ್ಕ ಬರ್ರಿ" ಎಂದು ಕರೆಯುತ್ತಾಳೆ. ದೇವರ ನಾಮವನ್ನೂ ಹೇಳುತ್ತಾಳೆ. ಆದರೆ ಮರಾಠಿಯ ಒಂದು ಚಾಟು ಮಾತಿಗೆ ಅವಳು ತಟ್ಟನೆ ನಗುತ್ತಾಳೆ, ಕನ್ನಡದ ಚಾಟು ಮಾತಿಗೆ "ಹಂಗಂದ್ರೇನು?" ಎಂದು ಕೇಳುತ್ತಾಳೆ. ವಿವರಿಸಿ ಹೇಳಿದರೆ ಅರ್ಥವಾಗುತ್ತದೆ, ನಗು ಬರುವುದಿಲ್ಲ. ನಿಮ್ಮ ಮನೆಗಳಲ್ಲಿಯೂ ಇದೇ ಆಗುತ್ತಿದೆ ಎಂದು ನಿಮ್ಮ ಮುಖಗಳೇ ಹೇಳುತ್ತಿವೆ. ನಾವು ಮಕ್ಕಳಿಗೆ ಕನ್ನಡದ ಪ್ರಾರ್ಥನೆ ಕೊಟ್ಟಿದ್ದೇವೆ, ನಾಡಗೀತೆ ಕೊಟ್ಟಿದ್ದೇವೆ, ಭಾಷಣ ಸ್ಪರ್ಧೆಗೆ ಬಾಯಿಪಾಠ ಕೊಟ್ಟಿದ್ದೇವೆ. ಕನ್ನಡದ ತುಂಟತನವನ್ನು ಕೊಟ್ಟಿಲ್ಲ. ಮನೆಯಲ್ಲಿ ಗೌರವ ಮಾತ್ರ ಪಡೆಯುವ ಭಾಷೆ ಮೆಲ್ಲನೆ ದೇವರ ಕೋಣೆ ಸೇರುತ್ತದೆ. ಹಬ್ಬಕ್ಕೊಮ್ಮೆ ಅದರ ಬಾಗಿಲು ತೆರೆಯುತ್ತದೆ.

ಗೊಂಬೆ 'ಅನ್ನ' ಎಂದಾಗ 'ಅಮ್ಮ' ಎಂದು ತಿದ್ದಿ ಕೇಳಿಕೊಳ್ಳುವ ಕಿವಿಯ ಮಾತನ್ನು ಆಗಲೇ ಹೇಳಿದೆ. ಆ ಕಿವಿ ತರಗತಿಯಲ್ಲಿ ತಯಾರಾಗುವುದಿಲ್ಲ. ಜಗಳದಲ್ಲಿ, ಅಣಕದಲ್ಲಿ, ಅಡುಗೆಮನೆಯ ಚೇಷ್ಟೆಯಲ್ಲಿ ತಯಾರಾಗುತ್ತದೆ. ಡಿಂಕುವನ್ನು ಕರೆತಂದು ಈ ವೇದಿಕೆಯ ಮೇಲೆ ಕೂರಿಸಬಹುದು. ಕಾಣೆಯಾದ ಅಕ್ಷರಗಳನ್ನು ತುಂಬಿಕೊಡುವ ಮಕ್ಕಳು ಎದುರಿಗಿಲ್ಲದಿದ್ದರೆ ಎಂಥ ಕಲಾವಿದರ ಗೊಂಬೆಯೂ ಮೂಕವೇ.

ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ಮೂರು ಬಿನ್ನಹಗಳು. ಮೊದಲನೆಯದು, ವರ್ಷಕ್ಕೊಮ್ಮೆಯಾದರೂ ಕರ್ನಾಟಕದ ಗೊಂಬೆಯಾಟದವರನ್ನು ಪುಣೆಗೆ ಕರೆಸಬೇಕು. ಅದನ್ನು ಭೋಜನಕ್ಕೆ ಮುಂಚಿನ ಇಪ್ಪತ್ತು ನಿಮಿಷಗಳ ಮಕ್ಕಳ ಕಾರ್ಯಕ್ರಮವೆಂದು ತುರುಕದೆ, ಸಂಜೆಯ ಮುಖ್ಯ ಪ್ರಯೋಗವಾಗಿ ಇರಿಸಬೇಕು. ಗಾಯಕರಿಗೆ ಕೊಡುವ ವೀಳ್ಯವನ್ನೇ ಅವರಿಗೂ ಕೊಡಬೇಕು. ಎರಡನೆಯದು, ಮರಾಠಿಯ ಗೊಂಬೆ ಕಲಾವಿದರನ್ನೂ ಅದೇ ವೇದಿಕೆಗೆ ಆಹ್ವಾನಿಸಬೇಕು. ಕಿಳ್ಳೇಕ್ಯಾತನೂ ಅರ್ಧವಟರಾಯರೂ ಎದುರುಬದುರು ಕುಳಿತು ಒಬ್ಬರನ್ನೊಬ್ಬರು ಅಣಕಿಸಿದರೆ, ಗಡಿಯ ಬಗ್ಗೆ ಎಷ್ಟೋ ಠರಾವುಗಳು ಹೇಳಲಾಗದ್ದನ್ನು ಅವರು ಹೇಳಿಯಾರು. ಮೂರನೆಯದು ದುಡ್ಡಿನ ಖರ್ಚಿಲ್ಲದ್ದು. ನಮ್ಮ ಮಕ್ಕಳ ಕೈಗೆ ಹಳೆಯ ಕಾಲುಚೀಲವೊಂದನ್ನು ಕೊಟ್ಟು, ಅದಕ್ಕೆ ಎರಡು ಗುಂಡಿ ಹೊಲಿದು ಕಣ್ಣು ಮಾಡಿ, ಅದರಿಂದ ಕನ್ನಡದಲ್ಲಿ ನಮ್ಮನ್ನೇ ಅಣಕಿಸಲು ಬಿಡೋಣ. ಅಜ್ಜನ ಗೊರಕೆ, ಅಪ್ಪನ ಸಿಟ್ಟು, ಅಧ್ಯಕ್ಷರ ಭಾಷಣ ಯಾವುದಕ್ಕೂ ವಿನಾಯಿತಿ ಬೇಡ.

ತುಟಿ ಅಲುಗಿದರೂ ಚಿಂತೆಯಿಲ್ಲ. ಎರಡನೆಯ ದನಿ ಹೊರಡಲಿ.